ಅಳಿಸಿದ ಆರು ಸಾಲು

ಅಕ್ಕ ರಕ್ತದ ಟ್ಯೂಬುಗಳನ್ನು ಅದಲುಬದಲು ಮಾಡಿದ್ದಾಳೆ ಎಂದು ಆಸ್ಪತ್ರೆಯವರು ಹೇಳಿದ ದಿನ ನಾನು ನಕ್ಕುಬಿಟ್ಟೆ. ಅಡುಗೆಮನೆಯ ಉಪ್ಪಿನ ಡಬ್ಬಿಗೂ ತಾರೀಕು ಬರೆದ ಚೀಟಿ ಅಂಟಿಸುವವಳು ಅವಳು. ಬಾಗಿಲಲ್ಲಿ ನನ್ನ ಚಪ್ಪಲಿ ಅಡ್ಡಾದಿಡ್ಡಿ ಬಿದ್ದಿದ್ದರೆ ದಾಟಿ ಹೋಗಲಾರಳು. ಬಗ್ಗಿ ಜೋಡಿಸಿ, ನನಗೆ ಎರಡು ಮಾತು ಬೈದು, ಆಮೇಲೆಯೇ ಒಳಗೆ ಬರುವವಳು. ಅದೇ ಲ್ಯಾಬಿನಲ್ಲಿ ಇಪ್ಪತ್ತೊಂದು ವರ್ಷ ರಕ್ತ ಪರೀಕ್ಷೆ ಮಾಡಿದ್ದಾಳೆ. ಅವಳ ಕೈಯಲ್ಲಿ ಟ್ಯೂಬು ಜಾಗ ತಪ್ಪುವುದೆಂದರೆ ಸೂರ್ಯ ದಾರಿ ತಪ್ಪಿದ ಹಾಗೆ.

ಅಕ್ಕ ಮಾತ್ರ ನಗಲಿಲ್ಲ. ನಡೆದದ್ದು ನಗುವ ವಿಷಯವೂ ಆಗಿರಲಿಲ್ಲ.

ಒಬ್ಬ ಶಾಲಾ ವ್ಯಾನಿನ ಡ್ರೈವರ್. ಐವತ್ತೈದರ ಆಸುಪಾಸು, ಕಿಡ್ನಿ ಕೈಕೊಟ್ಟಿತ್ತು, ವಾರಕ್ಕೊಮ್ಮೆ ಬಂದು ರಕ್ತ ಕೊಟ್ಟು ಹೋಗುತ್ತಿದ್ದರು. ಆ ವಾರ ಅವರ ಪೊಟ್ಯಾಸಿಯಂ 4.1 ಎಂದು ವರದಿ ಬಂತು. ಏನೂ ತೊಂದರೆಯಿಲ್ಲ ಎಂದು ವೈದ್ಯರು ಮನೆಗೆ ಕಳಿಸಿದರು. ಮಾರನೆಯ ಬೆಳಿಗ್ಗೆ ಅವರು ತಮ್ಮ ಮನೆಯ ಮೆಟ್ಟಿಲ ಮೇಲೆಯೇ ಕುಸಿದರು. ಹೃದಯದ ಬಡಿತ ತಾಳ ತಪ್ಪಿತ್ತು. ಪುಣ್ಯಕ್ಕೆ ಇನ್ನೂ ವ್ಯಾನು ಹತ್ತಿರಲಿಲ್ಲ, ಮಕ್ಕಳನ್ನು ಹತ್ತಿಸಿಕೊಂಡಿರಲಿಲ್ಲ. ಲ್ಯಾಬಿನ ಫ್ರಿಜ್ಜಿನಲ್ಲಿ ಉಳಿದಿದ್ದ ಅವರ ರಕ್ತವನ್ನು ಮತ್ತೆ ಪರೀಕ್ಷಿಸಿದರೆ ಪೊಟ್ಯಾಸಿಯಂ 6.8, ಹೃದಯ ನಿಲ್ಲಿಸುವಷ್ಟು. ಆ 4.1 ಯಾರದೆಂದು ಹುಡುಕಿದಾಗ ಸಾಲಿನಲ್ಲಿ ಅವರ ಹಿಂದೆಯೇ ಇದ್ದ ಒಬ್ಬ ಕಾಲೇಜು ಹುಡುಗಿಯದು ಎಂದು ತಿಳಿಯಿತು. ಒಬ್ಬರ ಅಂಕಿ ಇನ್ನೊಬ್ಬರ ಹೆಸರಿಗೆ ಬಿದ್ದಿತ್ತು. ಲ್ಯಾಬಿನಲ್ಲಿ ಇದಕ್ಕೆ ಇರುವುದು ಒಂದೇ ಅರ್ಥ: ಟ್ಯೂಬು ಇಟ್ಟವರ ಕೈ ತಪ್ಪಿದೆ.

ಡ್ರೈವರ್ ಬದುಕಿಕೊಂಡರು. ಆಸ್ಪತ್ರೆಯ ಎರಡನೆಯ ಮಹಡಿಯ ವಾರ್ಡಿನಲ್ಲಿ ಮಲಗಿದ್ದರು. ಅಕ್ಕ ದಿನಾ ಊಟದ ಬಿಡುವಿನಲ್ಲಿ ಹೋಗಿ ಅವರ ಮಂಚದ ಪಕ್ಕ ನಿಲ್ಲುತ್ತಿದ್ದಳು. ಅವರು ಬೈಯುತ್ತಿದ್ದರು, ಇವಳು ಬೈಸಿಕೊಂಡು ಬರುತ್ತಿದ್ದಳು.

"ಯಾಕಕ್ಕಾ ಹೋಗ್ತೀಯಾ? ಬೈಸ್ಕೊಳ್ಳೋಕಾ?" ಎಂದು ನಾನು ಕೇಳಿದೆ.

"ಬೈಯೋಕೆ ಅವ್ರಿಗೆ ಯಾರಾದ್ರೂ ಬೇಕಲ್ಲ" ಎಂದಳು.

ಲ್ಯಾಬಿನ ಮುಖ್ಯಸ್ಥರು ಕೆಟ್ಟವರಲ್ಲ. ತಪ್ಪು ಒಪ್ಪಿಕೊಂಡು ಬರೆದುಕೊಟ್ಟರೆ ವಿಷಯ ಮುಂದೆ ಹೋಗುವುದಿಲ್ಲ, ಸ್ಟೋರಿಗೆ ಹಾಕುತ್ತೇನೆ, ಸಂಬಳಕ್ಕೆ ತೊಂದರೆಯಿಲ್ಲ ಎಂದಿದ್ದರು. ಸ್ಟೋರೆಂದರೆ ನೆಲಮಾಳಿಗೆ. ಹತ್ತಿ, ಬ್ಯಾಂಡೇಜು, ಖಾಲಿ ಬಾಟಲಿಗಳ ಲೆಕ್ಕ ಇಡುವ ಜಾಗ. ಇನ್ನು ಬದುಕಿರುವವರೆಗೂ ಅವಳು ಟ್ಯೂಬು ಮುಟ್ಟುವ ಹಾಗಿಲ್ಲ. ಅಕ್ಕ ಸಹಿ ಹಾಕಿ ಕೊಟ್ಟುಬಿಟ್ಟಿದ್ದಳು. ಸೋಮವಾರ ಹತ್ತು ಗಂಟೆಗೆ ಲ್ಯಾಬಿನ ಬೀಗದ ಕೈ ಒಪ್ಪಿಸಬೇಕಿತ್ತು.

"ನೀನು ಮಾಡಿಲ್ಲ ಅಂದ್ಮೇಲೆ ಸಹಿ ಯಾಕೆ ಹಾಕಿದೆ?" ನನಗೆ ಮೈಯೆಲ್ಲ ಉರಿದುಹೋಗಿತ್ತು.

"ಮಾಡಿಲ್ಲ ಅಂತ ಹೆಂಗೆ ಹೇಳ್ಲಿ? ಮಾಡಿದ್ರೂ ಮಾಡಿರ್ಬಹುದು. ನಂಗೇ ಗೊತ್ತಾಗ್ತಿಲ್ಲ ಕಣೇ ಗುಬ್ಬಿ." ಹೀಗೆ ಹೇಳುತ್ತ ಅವಳು ತನ್ನ ಬಲಗೈಯನ್ನು ಬೇರೆ ಯಾರದೋ ವಸ್ತುವಿನಂತೆ ನೋಡಿಕೊಂಡಳು. ನನ್ನ ಸಿಟ್ಟು ಅಲ್ಲಿಗೆ ಇಳಿಯಿತು. ಕೆಲಸ ಹೋದರೆ ಹೋಗಲಿ, ಅವಳಿಗೆ ಅವಳ ಕೈಯ ಮೇಲಿನ ನಂಬಿಕೆ ಹೋಗಿತ್ತು.

ಇನ್ನು ನನ್ನ ವಿಷಯ. ಹೊಟ್ಟೆಪಾಡಿಗೆ ತೂಕದ ಯಂತ್ರಗಳ ರಿಪೇರಿ ಮಾಡುತ್ತೇನೆ: ಲಾರಿ ನಿಲ್ಲಿಸಿ ತೂಗುವ ದೊಡ್ಡ ತಕ್ಕಡಿಯಿಂದ ಹಿಡಿದು ಔಷಧಿ ತೂಗುವ ಸಣ್ಣದರವರೆಗೆ. ಈ ಯಂತ್ರಗಳೆಲ್ಲ ಕಂಪ್ಯೂಟರಿಗೆ ಅಂಕಿ ಕಳಿಸುವುದು ಸೀರಿಯಲ್ ಪೋರ್ಟ್ ಎಂಬ ಹಳೆಯ ಕಾಲದ ತೂತಿನ ಮೂಲಕ, ಒಂದೊಂದೇ ಅಕ್ಷರವಾಗಿ. ಅದು ಸತ್ತುಹೋಯಿತು ಎಂದು ಮೂವತ್ತು ವರ್ಷದಿಂದ ಎಲ್ಲರೂ ಹೇಳುತ್ತಿದ್ದಾರೆ, ಅದು ಆರಾಮಾಗಿದೆ. ಇದರ ಹುಚ್ಚು ಹತ್ತಿ ನಾನು ಬಿಡುವಿನಲ್ಲಿ ಒಂದು ಕರ್ನಲ್ಲಿಗೆ ಕೆಲಸ ಮಾಡುತ್ತೇನೆ. ಕರ್ನಲ್ ಎಂದರೆ ಕಂಪ್ಯೂಟರಿನ ಎಲ್ಲ ಕೆಲಸಕ್ಕೂ ತಳದಲ್ಲಿ ಕುಳಿತಿರುವ ತಂತ್ರಾಂಶ. ನಮ್ಮದು ಯಾರ ಆಸ್ತಿಯೂ ಅಲ್ಲ. ಯಾರು ಬೇಕಾದರೂ ಓದಬಹುದು, ತಿದ್ದಿ ಕಳಿಸಬಹುದು. ತಿದ್ದಿದ್ದನ್ನು ಬಳಗದ ಎಲ್ಲರಿಗೂ ಹೋಗುವ ಇ-ಅಂಚೆಯಲ್ಲಿ ಇಡಬೇಕು, ನಾಲ್ಕು ಜನ ಉಗಿಯುತ್ತಾರೆ, ಉಗಿಸಿಕೊಂಡು ಉಳಿದರೆ ಒಳಗೆ ಸೇರುತ್ತದೆ. ತಿದ್ದುಪಡಿಯ ಕೆಳಗೆ 'ಪರೀಕ್ಷಿಸಿದವರು' ಎಂದು ಒಂದು ಸಾಲು ಇರುತ್ತದೆ. ಅಲ್ಲಿ ಹೆಸರು ಹಾಕಿದರೆ ಮುಗಿಯಿತು, ಆ ಮಾತನ್ನು ಜಗತ್ತೇ ನಂಬುತ್ತದೆ.

ಲ್ಯಾಬಿನ ಕಂಪ್ಯೂಟರಿಗೆ ಈ ಕರ್ನಲ್ ಹಾಕಿಕೊಟ್ಟವಳೂ ನಾನೇ. ಹಳೆಯದು ಕೆಟ್ಟು ನಿಂತಾಗ ಅಕ್ಕ ಕೇಳಿದಳು, ಮುಖ್ಯಸ್ಥರು ಒಪ್ಪಿದರು, ನಾನು ಜಂಭದಿಂದ ಹೋಗಿ ಹಾಕಿದೆ.

ಆ ಭಾನುವಾರ ಮಧ್ಯಾಹ್ನ ಭಾವ ಪಾತ್ರೆ ತೊಳೆಯುತ್ತಿದ್ದರು. ಅಕ್ಕ ಊಟದ ಮೇಜಿನ ಮೇಲೆ ತನ್ನ ದಿನಚರಿ ಪುಸ್ತಕ ಹರಡಿಕೊಂಡು, ತನ್ನ ಜಾಗಕ್ಕೆ ಬರುವವರಿಗೆ ಟಿಪ್ಪಣಿ ಬರೆಯುತ್ತಿದ್ದಳು. ಯಾವ ಯಂತ್ರ ಬೆಳಿಗ್ಗೆ ಬಿಸಿಯಾಗಲು ಎಷ್ಟು ಹೊತ್ತು ಬೇಕು, ಯಾವ ಡ್ರಾಯರ್ ಸಿಕ್ಕಿಹಾಕಿಕೊಳ್ಳುತ್ತದೆ, ಎಲ್ಲ. ನನಗೆ ನೋಡಲಾಗಲಿಲ್ಲ. ಸುಮ್ಮನೆ ಅವಳ ಹೆಗಲ ಮೇಲಿಂದ ಇಣುಕಿದೆ.

'ಕೆಲವು ಸಲ ಒಂದು ರಿಸಲ್ಟ್ ಕಂಪ್ಯೂಟರಿಗೆ ಬರುವುದಿಲ್ಲ. ಗಾಬರಿ ಬೇಡ, ಆ ಟ್ಯೂಬನ್ನು ಮತ್ತೆ ಹಾಕಿ' ಎಂದು ಬರೆದಿದ್ದಳು.

"ಬರೋದಿಲ್ಲ ಅಂದ್ರೆ?"

"ಬರಲ್ಲ. ಯಂತ್ರ ಬೀಪ್ ಅನ್ನತ್ತೆ, ಪರದೆ ಮೇಲೆ ಏನೂ ಇರಲ್ಲ. ಎರಡು ಮೂರು ದಿನಕ್ಕೊಂದು ಸಲ ಆಗತ್ತೆ. ಬರೆದಿಟ್ಟಿದೀನಲ್ಲ, ನೋಡು."

ಬರೆದಿಡದೆ ಇರುತ್ತಾಳೆಯೇ? ತಾರೀಕು, ಗಂಟೆ, ನಿಮಿಷ. ಒಟ್ಟು ಒಂಬತ್ತು ಸಲ. ಎಂಟನೆಯದು ಆ ಕಾಲೇಜು ಹುಡುಗಿಯ ಟ್ಯೂಬು. ಡ್ರೈವರ್ ಅವರದರ ಮರುಕ್ಷಣದ್ದು.

"ಆ ಹೊತ್ತಲ್ಲಿ ಇನ್ನೊಂದು ಯಂತ್ರಾನೂ ಓಡ್ತಿತ್ತಾ? ರಕ್ತಕಣ ಎಣಿಸೋದು?"

"ಹೂಂ ಮತ್ತೆ. ಎರಡೂ ಒಟ್ಟಿಗೇ ಬೀಪ್ ಅಂದಾಗಲೇ ಹೀಗಾಗೋದು. ಯಾಕೆ?"

ಪುಸ್ತಕ ಎಳೆದುಕೊಂಡು ಮೊದಲ ಸಲದ ತಾರೀಕು ನೋಡಿದೆ. ನಾನು ಲ್ಯಾಬಿಗೆ ಹೋಗಿ ಕರ್ನಲ್ಲಿನ ಹೊಸ ಆವೃತ್ತಿ ಹಾಕಿ ಬಂದ ಮಾರನೆಯ ದಿನ. ಆ ಆವೃತ್ತಿಯಲ್ಲಿ ನನ್ನದೊಂದು ತಿದ್ದುಪಡಿ ಇತ್ತು. ಆರು ಸಾಲು ಅಳಿಸಿದ ತಿದ್ದುಪಡಿ.

ಅದನ್ನು ಹೇಳಲೇಬೇಕು, ಇಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂದು ಮನೆಗೆ ಎರಡು ಬಾಗಿಲು, ಆದರೆ ಗಂಟೆ ಒಂದೇ ಎಂದುಕೊಳ್ಳಿ. ಲ್ಯಾಬಿನ ಎರಡೂ ಯಂತ್ರಗಳ ತಂತಿ ಬಂದು ಸೇರುವ, ಎರಡು ಪೋರ್ಟುಗಳಿರುವ ಹಳೆಯ ಕಾರ್ಡು ಹಾಗೆಯೇ. ಯಾವ ಬಾಗಿಲಲ್ಲಿ ಅಕ್ಷರ ಬಂದರೂ ಅದೇ ಗಂಟೆ ಹೊಡೆಯುತ್ತದೆ. ಇದಕ್ಕೆ ಇಂಟರಪ್ಟ್ ಎನ್ನುತ್ತಾರೆ. ಕರ್ನಲ್ ಕೈಲಿದ್ದ ಕೆಲಸ ಬಿಟ್ಟು ಎದ್ದು ಹೋಗಿ, ಮುಂಬಾಗಿಲು ನೋಡಿ, ಹಿಂಬಾಗಿಲು ನೋಡಿ, ಬಂದದ್ದನ್ನು ಒಳಗೆ ತೆಗೆದುಕೊಳ್ಳುತ್ತದೆ. ತೊಂದರೆ ಏನೆಂದರೆ ಈ ಗಂಟೆ ಗುಂಡಿ ಒತ್ತಿದ ಕ್ಷಣ ಒಮ್ಮೆ ಮಾತ್ರ ಹೊಡೆಯುತ್ತದೆ. ಮುಂಬಾಗಿಲು ನೋಡಿಯಾದ ಮೇಲೆ, ಹಿಂಬಾಗಿಲಲ್ಲಿರುವಾಗ, ಮುಂಬಾಗಿಲಿಗೆ ಇನ್ನೊಬ್ಬ ಬಂದು ಒತ್ತಿದರೆ? ಹಿಂಬಾಗಿಲಿನವನ ಬೆರಳು ಇನ್ನೂ ಗುಂಡಿಯ ಮೇಲೆಯೇ ಇದೆ, ಹಾಗಾಗಿ ಹೊಸ ಸದ್ದು ಹುಟ್ಟುವುದಿಲ್ಲ. ಬಂದವನು ನಿಂತೇ ಇರುತ್ತಾನೆ. ಅವನ ಬೆರಳು ಗುಂಡಿಯ ಮೇಲೇ ಇರುವುದರಿಂದ ಮುಂದೆ ಯಾರು ಬಂದರೂ ಗಂಟೆ ಹೊಡೆಯುವುದಿಲ್ಲ. ಆದ್ದರಿಂದ ಕುಳಿತುಕೊಳ್ಳುವ ಮುಂಚೆ ಇನ್ನೊಂದು ಸುತ್ತು ಹಾಕಬೇಕು. ಎರಡು ಬಾಗಿಲೂ ಖಾಲಿ ಎಂದು ಕಂಡ ಮೇಲೆಯೇ ಕೂರಬೇಕು.

ಆ ಇನ್ನೊಂದು ಸುತ್ತೇ ನಾನು ಅಳಿಸಿದ ಆರು ಸಾಲು.

ಓದಿದಾಗ ಅದು ದಂಡ ಎನಿಸಿತ್ತು. ಈಗಷ್ಟೇ ನೋಡಿದ ಬಾಗಿಲನ್ನು ಮತ್ತೆ ಯಾಕೆ ನೋಡಬೇಕು? ಅಲ್ಲೊಂದು ಟಿಪ್ಪಣಿಯೂ ಇರಲಿಲ್ಲ. ಆ ಸಾಲುಗಳನ್ನು ಬರೆದವರು ನಮ್ಮ ಅಂಚೆಬಳಗದ ಹಿರಿಯರು, ಸದಾ ಗೊಣಗುವುದರಿಂದ ನಾವೆಲ್ಲ ಗೊಣಗಜ್ಜ ಎನ್ನುತ್ತೇವೆ. ಅವರ ಮುಖ ನಾನು ನೋಡಿಲ್ಲ, ಗೊಣಗು ಮಾತ್ರ ಗೊತ್ತು. ನನ್ನ ತಿದ್ದುಪಡಿ ನೋಡಿ ಒಂದೇ ಪ್ರಶ್ನೆ ಕೇಳಿದ್ದರು: ಒಂದೇ ಗಂಟೆಗೆ ಎರಡು ಪೋರ್ಟು ಕಟ್ಟಿದ ನಿಜವಾದ ಕಾರ್ಡಿನಲ್ಲಿ ಪರೀಕ್ಷಿಸಿದ್ದೀಯಾ? ನಾನು ಹೌದು ಎಂದು ಬರೆದೆ. ಪರೀಕ್ಷಿಸಿದ್ದು ಕಂಪ್ಯೂಟರಿನೊಳಗೆ ನಟಿಸುವ ಒಂದು ನಕಲಿ ಕಂಪ್ಯೂಟರಿನಲ್ಲಿ. ಅದರಲ್ಲಿ ಗಂಟೆ ಎಂದೂ ತಪ್ಪುವುದಿಲ್ಲ. ನಮ್ಮ ಬಳಗದಲ್ಲಿ ಇದನ್ನು ಅನೇಕರು ಮಾಡುತ್ತಾರೆ, ಎಲ್ಲೋ ಒಂದು ಮೂಲೆಯಲ್ಲಿ ಹಳೆಯ ಕಾರ್ಡು ಹುಡುಕಲು ಯಾರಿಗೆ ಪುರುಸೊತ್ತು? 'ಪರೀಕ್ಷಿಸಿದವರು' ಎಂಬ ಸಾಲಿನ ಮುಂದೆ ನನ್ನ ಹೆಸರು ಹಾಕಿಕೊಂಡೆ.

ಇನ್ನುಳಿದದ್ದು ಕೂಡಿಸಿದರೆ ಸಾಕು. ಬಾಗಿಲಲ್ಲಿ ಹದಿನಾರು ಅಕ್ಷರ ಹಿಡಿಯುವ ಒಂದು ಸಣ್ಣ ತಟ್ಟೆ ಇದೆ. ಗಂಟೆ ತಪ್ಪಿದರೆ ಮೊದಲ ಹದಿನಾರು ಅದರಲ್ಲಿ ಉಳಿಯುತ್ತವೆ, ಆಮೇಲೆ ಬಂದದ್ದು ನೆಲದ ಪಾಲು. ಒಂದೆರಡು ಸೆಕೆಂಡು ಬಿಟ್ಟು ಲ್ಯಾಬಿನ ತಂತ್ರಾಂಶ ತಾನಾಗಿ ಬಾಗಿಲು ತಟ್ಟಿದಾಗ ಮತ್ತೆ ಎಲ್ಲ ಶುರುವಾಗುತ್ತದೆ. ಡ್ರೈವರ್ ಅವರ ಟ್ಯೂಬಿನ ಸಂಖ್ಯೆ ತಟ್ಟೆಯಲ್ಲಿ ಉಳಿಯಿತು. ಅವರ ಪೊಟ್ಯಾಸಿಯಂ ಚೆಲ್ಲಿಹೋಯಿತು. ಹುಡುಗಿಯ ಸಂಖ್ಯೆಯೂ ಚೆಲ್ಲಿಹೋಗಿ, ಅವಳ ಪೊಟ್ಯಾಸಿಯಂ ಬಂದು ಡ್ರೈವರ್ ಅವರ ಸಂಖ್ಯೆಗೆ ಅಂಟಿಕೊಂಡಿತು. ಪರದೆಯ ಮೇಲೆ ಒಂದು ಸಾಲು, ನೋಡಲು ಅಚ್ಚುಕಟ್ಟು.

ನಾನು ದೇವತೆಯಲ್ಲ. ಮೊದಲು ಹೊಳೆದದ್ದು ಹೀಗೆ: ಹಳೆಯ ಆವೃತ್ತಿಯನ್ನು ಸದ್ದಿಲ್ಲದೆ ವಾಪಸು ಹಾಕಿಬಿಡೋಣ; ಮುಖ್ಯಸ್ಥರಿಗೆ 'ತಂತ್ರಾಂಶದ ದೋಷ' ಎನ್ನೋಣ; ಯಾರ ದೋಷ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಬಳಗದಲ್ಲಿ ಸೀರಿಯಲ್ ಪೋರ್ಟಿನ ವಿಭಾಗವನ್ನು ನನಗೇ ವಹಿಸುವ ಮಾತು ನಡೆದಿತ್ತು. ಆಮೇಲೆ ಮೇಜಿನಾಚೆ ಅಕ್ಕ ಇನ್ನೂ ಸಿಕ್ಕಿಹಾಕಿಕೊಳ್ಳುವ ಡ್ರಾಯರಿನ ಬಗ್ಗೆ ಬರೆಯುತ್ತಿದ್ದುದು ಕಾಣಿಸಿತು. ಮಾಡದ ತಪ್ಪಿಗೆ ಸಹಿ ಹಾಕಿ ಬಂದವಳು ಅವಳು. ಮಾಡಿದವಳು ನಾನು ಎದುರಿಗೇ ಕುಳಿತಿದ್ದೆ.

ಹೇಳಿಬಿಟ್ಟೆ. ಬಾಗಿಲು, ಗಂಟೆ, ಆರು ಸಾಲು, ಎಲ್ಲ.

ಅವಳು ಪೆನ್ನಿನ ಮುಚ್ಚಳ ಹಾಕಿದಳು. ಅಡುಗೆಮನೆಯಲ್ಲಿ ನಲ್ಲಿಯ ಸದ್ದು ನಿಂತಿತು. ಭಾವ ಕೈ ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದು ನಿಂತಿದ್ದರು.

"ಪರೀಕ್ಷೆ ಮಾಡಿದೀನಿ ಅಂತ ಬರೆದಿದ್ಯಾ?" ಅಕ್ಕ ಕೇಳಿದಳು.

"ಹೂಂ."

"ಮಾಡಿದ್ಯಾ?"

"ಇಲ್ಲ."

"ಟ್ಯೂಬು ಮುಟ್ಟದೆ ನಾನು ರಿಪೋರ್ಟ್ ಬರೆದ್ರೆ ಏನಂತಾರೆ ಗೊತ್ತೇನೇ ನಂಗೆ?"

ಅವಳು ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಭಾವ ನನ್ನ ಮುಂದೆ ಒಂದು ಲೋಟ ಚಹಾ ಇಟ್ಟು, "ಕುಡಿ, ಸಾಯಲ್ಲ ಯಾರೂ" ಎಂದವರು, ಆಡಿದ ಮಾತಿಗೆ ತಾವೇ ನಾಲಿಗೆ ಕಚ್ಚಿಕೊಂಡರು. ಅಕ್ಕ ಸಂಜೆಯವರೆಗೂ ಹೊರಗೆ ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿತ್ತು, ದನಿ ಗಟ್ಟಿಯಾಗಿತ್ತು. "ಬೆಳಿಗ್ಗೆ ಎಂಟಕ್ಕೆ ಹೊರಡ್ಬೇಕು. ಡಾಕ್ಟ್ರು ಬಾಯಿಮಾತಿಗೆ ನಂಬೋರಲ್ಲ. ತೋರಿಸ್ಬೇಕು."

ಸೋಮವಾರ ಒಂಬತ್ತೂವರೆಗೆ ಮುಖ್ಯಸ್ಥರು ಲ್ಯಾಬಿನಲ್ಲಿ ಕೈಕಟ್ಟಿ ನಿಂತಿದ್ದರು. ಶನಿವಾರದ ಉಳಿಕೆ ರಕ್ತದ ಟ್ಯೂಬುಗಳನ್ನು, ಯಾರದು ಎಷ್ಟು ಎಂದು ಮೊದಲೇ ಗೊತ್ತಿದ್ದವನ್ನು, ಅಕ್ಕ ಎರಡೂ ಯಂತ್ರಗಳಿಗೆ ಜೋಡಿಸಿದಳು. ಎರಡೂ ಒಂದೇ ಕ್ಷಣಕ್ಕೆ ಬೀಪ್ ಎನ್ನುವ ಹಾಗೆ ಹೊತ್ತು ಹೊಂದಿಸುವುದು ಅವಳಿಗೆ ಮಾತ್ರ ಬರುತ್ತಿತ್ತು. ಇಪ್ಪತ್ತೊಂದು ವರ್ಷ ಅವುಗಳ ಜೊತೆ ಬಾಳಿದ್ದಾಳಲ್ಲ. ಒಂದೊಂದು ಟ್ಯೂಬಿನ ಸಂಖ್ಯೆಯನ್ನೂ ಜೋರಾಗಿ ಓದಿಯೇ ಇಡುತ್ತಿದ್ದಳು.

ಮೊದಲ ಸಲ ಎಲ್ಲ ಸರಿಯಾಗಿ ಬಂತು. ಎರಡನೆಯ ಸಲವೂ. ಮೂರನೆಯ, ನಾಲ್ಕನೆಯ ಸಲವೂ ಒಂದು ಅಂಕಿಯೂ ಆಚೀಚೆಯಾಗಲಿಲ್ಲ. ಕಂಪ್ಯೂಟರು ಸರಿಯಾಗಿ ಕೆಲಸ ಮಾಡುತ್ತಿದೆಯೆಂದು ನಾನು ಬೆವರಿದ್ದು ಜೀವನದಲ್ಲಿ ಅದೇ ಮೊದಲು.

"ನೋಡಮ್ಮ, ಅಕ್ಕನ ಮೇಲಿನ ಪ್ರೀತಿ ಅರ್ಥ ಆಗತ್ತೆ" ಎಂದು ಮುಖ್ಯಸ್ಥರು ಗಡಿಯಾರ ನೋಡಿದರು. "ನಂಗೆ ಹತ್ತಕ್ಕೆ ಮೀಟಿಂಗ್ ಇದೆ."

"ಇನ್ನೊಂದೇ ಸಲ ಸಾರ್" ಎಂದಳು ಅಕ್ಕ. ಕಣಗಳನ್ನು ಎಣಿಸುವ ಯಂತ್ರದ ಗುಂಡಿಯನ್ನು ಈ ಸಲ ಉಸಿರು ಬಿಗಿಹಿಡಿದು ಒಂದು ಚೂರು ತಡಮಾಡಿ ಒತ್ತಿದಳು. ಎರಡು ಬೀಪುಗಳು ಒಂದಾಗಿ ಕೇಳಿಸಿದವು.

ಪರದೆಯ ಮೇಲೆ ಒಂದೇ ಸಾಲು ಬಂತು. ಏಳನೆಯ ಟ್ಯೂಬಿನ ಸಂಖ್ಯೆ, ಎಂಟನೆಯ ಟ್ಯೂಬಿನ ಪೊಟ್ಯಾಸಿಯಂ. ಎಂಟನೆಯದು ಬರಲೇ ಇಲ್ಲ.

ಮುಖ್ಯಸ್ಥರು ಕನ್ನಡಕ ತೆಗೆದರು, ಒರೆಸಿ ಹಾಕಿಕೊಂಡರು, ಯಂತ್ರದಲ್ಲಿದ್ದ ಟ್ಯೂಬುಗಳ ಚೀಟಿಯನ್ನು ತಾವೇ ಬಗ್ಗಿ ಓದಿದರು. ಏಳು ಏಳರ ಜಾಗದಲ್ಲಿತ್ತು, ಎಂಟು ಎಂಟರ ಜಾಗದಲ್ಲಿತ್ತು.

"ನಾನು ಬದಲಾಯಿಸಿರ್ಲಿಲ್ಲ" ಎಂದಳು ಅಕ್ಕ. ಯಾರಿಗೂ ಹೇಳಿದ್ದಲ್ಲ. ಸ್ಟೂಲಿನ ಮೇಲೆ ಕುಸಿದು ಕುಳಿತು ಎರಡೂ ಕೈಗಳಿಂದ ಮುಖ ಮುಚ್ಚಿಕೊಂಡಳು.

ಮುಖ್ಯಸ್ಥರು ನನ್ನ ಕಡೆ ತಿರುಗಿದರು. ದನಿ ಏರಿತ್ತು. "ಯಾರ್ರೀ ಇದನ್ನ ಬರೆದ ಪುಣ್ಯಾತ್ಮ?"

"ನಾನೇ ಸಾರ್."

ಅವರು ಕಚೇರಿಗೆ ಹೋಗಿ ಅಕ್ಕನ ಒಪ್ಪಿಗೆ ಪತ್ರ ತಂದು ಅವಳ ಕೈಗೇ ಕೊಟ್ಟರು. "ಇದು ನನ್ನ ಹತ್ರ ಇರೋದು ಬೇಡ. ನಾನು ನಿಮ್ಮನ್ನ ಒಂದು ಮಾತು ಕೇಳ್ಬೇಕಿತ್ತು, ಕೇಳ್ಲಿಲ್ಲ" ಎಂದರು. ಮೀಟಿಂಗಿಗೆ ಹೋಗಲಿಲ್ಲ. ಹೊಸ ಆವೃತ್ತಿ ಹಾಕಿದಂದಿನಿಂದ ಈ ಮೂರು ವಾರದಲ್ಲಿ ವರದಿ ಪಡೆದವರನ್ನೆಲ್ಲ ಕರೆಸಿ ಮತ್ತೆ ಪರೀಕ್ಷಿಸಬೇಕೆಂದು ಅಕ್ಕನ ಜೊತೆ ಕುಳಿತು ಪಟ್ಟಿ ಮಾಡತೊಡಗಿದರು.

ನಾನು ಹಳೆಯ ಆವೃತ್ತಿ ಹಾಕಿ, ಅದೇ ಲ್ಯಾಬಿನ ಮೂಲೆಯಲ್ಲಿ ಕುಳಿತು ಬಳಗಕ್ಕೆ ಪತ್ರ ಬರೆದೆ. ಆರು ಸಾಲು ವಾಪಸು ಸೇರಿಸಬೇಕು. ಒಂದೇ ಗಂಟೆಗೆ ಎರಡು ಪೋರ್ಟು ಇದ್ದರೆ ಅಕ್ಷರಗಳು ಕಳೆದುಹೋಗುತ್ತವೆ. ಇದರಿಂದ ಒಬ್ಬರ ಪ್ರಾಣಕ್ಕೇ ಸಂಚಕಾರ ಬಂದಿತ್ತು. ನಾನು ನಿಜವಾದ ಕಾರ್ಡಿನಲ್ಲಿ ಪರೀಕ್ಷಿಸಿರಲಿಲ್ಲ, ಪರೀಕ್ಷಿಸಿದ್ದೇನೆ ಎಂದು ಸುಳ್ಳು ಬರೆದಿದ್ದೆ. ವಿಭಾಗ ವಹಿಸಿಕೊಳ್ಳಲು ನನಗೆ ಯೋಗ್ಯತೆಯಿಲ್ಲ. ಕಳಿಸುವ ಗುಂಡಿ ಒತ್ತುವಾಗ ಕೈ ಬರಲಿಲ್ಲ. ಆ ತುದಿಯಲ್ಲಿ ಅಕ್ಕ ಫೋನು ಹಿಡಿದು ಯಾರಿಗೋ "ದಯವಿಟ್ಟು ಇನ್ನೊಂದ್ಸಲ ಬನ್ನಿ, ತಪ್ಪು ನಮ್ದು" ಎನ್ನುತ್ತಿದ್ದಳು. ಒತ್ತಿದೆ.

ಗೊಣಗಜ್ಜನ ಉತ್ತರ ಅರ್ಧ ಗಂಟೆಯಲ್ಲಿ ಬಂತು. ಪತ್ರದ ತುಂಬ ಬೈಗುಳ ಇರುತ್ತದೆಂದು ಕಣ್ಣು ಅರ್ಧ ಮುಚ್ಚಿಕೊಂಡೇ ತೆರೆದೆ. 'ಆ ಸುತ್ತು ಯಾಕೆ ಎಂದು ಅಲ್ಲಿ ಟಿಪ್ಪಣಿ ಬರೆಯದೆ ಹೋದದ್ದು ನನ್ನ ಸೋಮಾರಿತನ. ಎರಡನೆಯ ಸಲ ಕೇಳದೆ ಬಿಟ್ಟದ್ದೂ ನನ್ನದೇ. ಸುಳ್ಳು ಮಾತ್ರ ನಿನ್ನದು. ಟಿಪ್ಪಣಿ ಬರೆದು ಕಳಿಸು. ವಿಭಾಗದ ಮಾತು ಒಂದು ವರ್ಷ ಬಿಟ್ಟು ನೋಡೋಣ' ಎಂದಿದ್ದರು. ಓದಿ ಅಳು ಬಂತು. ಬೈದಿದ್ದರೆ ಬರುತ್ತಿರಲಿಲ್ಲ.

ಊಟದ ಬಿಡುವಿಗೆ ಅಕ್ಕ ಎದ್ದು ನಿಂತಳು. "ಬಾ" ಎಂದಳು. ಎಲ್ಲಿಗೆ ಎಂದು ನಾನು ಕೇಳಲಿಲ್ಲ. ಎರಡು ಮಹಡಿ ಹತ್ತುವಾಗಲೂ ಅವಳು ನನ್ನ ಮೊಣಕೈ ಹಿಡಿದುಕೊಂಡಿದ್ದಳು. ಹಿಡಿದದ್ದು ಪ್ರೀತಿಗೋ, ನಾನು ಓಡಿಹೋದೇನೆಂದೋ, ಇಂದಿಗೂ ಗೊತ್ತಿಲ್ಲ.

ಡ್ರೈವರ್ ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬಿಗೆ ಒರಗಿ ಕುಳಿತಿದ್ದರು. ದಪ್ಪ ಮೀಸೆ, ತೋಳಿನಲ್ಲಿ ಸೂಜಿ. ಅಕ್ಕನನ್ನು ಕಂಡು ಪಕ್ಕದ ಕುರ್ಚಿಯ ಮೇಲಿದ್ದ ಟವೆಲನ್ನು ತಾವೇ ಎತ್ತಿ ಜಾಗ ಮಾಡಿದರು.

"ಇವಳು ನನ್ನ ತಂಗಿ. ನಿಮ್ಮತ್ರ ಏನೋ ಹೇಳ್ಬೇಕಂತೆ" ಎಂದಳು ಅಕ್ಕ.

ಗಂಟೆ, ಬಾಗಿಲು ಏನನ್ನೂ ಹೇಳಲಾಗಲಿಲ್ಲ ನನಗೆ. "ಟ್ಯೂಬು ಸರಿಯಾಗೇ ಇತ್ತು ಸಾರ್. ಅಕ್ಕ ಏನೂ ತಪ್ಪು ಮಾಡಿಲ್ಲ. ಕಂಪ್ಯೂಟರಿಗೆ ಬರೆದವಳು ನಾನು. ನೋಡದೇನೇ ನೋಡಿದೀನಿ ಅಂತ ಬರೆದೆ. ನಿಮಗೆ ಆಗಿದ್ದು ನನ್ನಿಂದ" ಎಂದೆ.

ಅವರು ನನ್ನನ್ನು ನೋಡಿದರು, ಅಕ್ಕನನ್ನು ನೋಡಿದರು.

"ಹಂಗಾದ್ರೆ ನಾನು ಬೈದಿದ್ದೆಲ್ಲ ಸುಮ್ಸುಮ್ನೆ ಬೈಸ್ಕೊಂಡ್ಯಲ್ಲ ತಾಯಿ" ಎಂದು ಅಕ್ಕನ ಕೈ ಹಿಡಿದುಕೊಂಡರು. ಅವರ ಕಣ್ಣು ತುಂಬಿತು. ಅವರು ಕುಸಿದ ದಿನದಿಂದ ಅಕ್ಕ ಮೊದಲ ಸಲ ನಕ್ಕಳು, ನಗುತ್ತಲೇ ಅತ್ತಳು.

ನಾನು ಮಂಚದ ಕಾಲ ಬಳಿ ನಿಂತೇ ಇದ್ದೆ. ಅವರು ಮೀಸೆ ಒರೆಸಿಕೊಂಡು ನನ್ನ ಕಡೆ ತಿರುಗಿದರು.

"ನೋಡಮ್ಮಾ, ನಿಮ್ಮಕ್ಕನ್ನ ಕ್ಷಮಿಸೋಕೆ ನಂಗೆ ನಾಲ್ಕು ದಿನ ಹಿಡೀತು. ಅವಳು ದಿನಾ ಬಂದು ನಿಂತ್ಲು, ಅದಕ್ಕೇ ಆಯ್ತು. ನಿಂದು ಇವತ್ತು ಮೊದಲನೇ ದಿನ" ಎಂದರು. "ನಾಳೆ ಬಾ."